ಒಂದೇ ಮೆಟ್ಟಿಲು ಬಾಕಿ: ಮುಂಬಯಿಯ ಜೆಹಾನ್ ದಾರೂವಾಲಾ



ಕ್ರಿಕೆಟ್ ವಿಷಯ ಬಂದರೆ ನಮ್ಮ ಕನ್ನಡ ಕಾರ್ಯಕ್ರಮದ ಫೋನು ಸುಮ್ಮನಿರುವುದೇ ಇಲ್ಲ. ಕಾರ್ ರೇಸಿನ ಬಗ್ಗೆ ಕರೆ ಬರುವುದು ಅಪರೂಪ. ಹಾಗಾಗಿ ಡೊಂಬಿವಿಲಿಯ ಕೇಳುಗರೊಬ್ಬರು ಕೇಳಿದ ಪ್ರಶ್ನೆ ನೆನಪಿನಲ್ಲಿ ಉಳಿಯಿತು. "ಮುಂಬಯಿಯ ಪಾರ್ಸಿ ಹುಡುಗನೊಬ್ಬ ಫಾರ್ಮುಲಾ ರೇಸಿನಲ್ಲಿ ಗೆದ್ದ ಅಂತ ಪೇಪರಿನಲ್ಲಿ ಓದಿದ್ದೆ. ಆಮೇಲೆ ಅವನ ಸುದ್ದಿಯೇ ಇಲ್ಲ. ಗೆದ್ದವನನ್ನು ಫಾರ್ಮುಲಾ ವನ್‌ಗೆ ಯಾಕೆ ತೆಗೆದುಕೊಳ್ಳಲಿಲ್ಲ?"

ಪ್ರಶ್ನೆ ಸಣ್ಣದು. ಆದರೆ ಎರಡು ಹಾಡುಗಳ ನಡುವೆ ಸಿಗುವ ಒಂದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ರೇಸಿನ ಗಂಧಗಾಳಿ ಇಲ್ಲದವರೂ ಓದಬಹುದು, ಅವರಿಗಾಗಿಯೇ ಬರೆದದ್ದು.

ಆ ಹುಡುಗನ ಹೆಸರು ಜೆಹಾನ್ ದಾರೂವಾಲಾ. ಹುಟ್ಟಿದ್ದು 1998ರ ಅಕ್ಟೋಬರ್ 1ರಂದು, ಇದೇ ಮುಂಬಯಿಯಲ್ಲಿ. (ಅಡ್ಡಹೆಸರು ಕೇಳಿ ನಗಬೇಡಿ. ಬಾಟ್ಲಿವಾಲಾ, ಮಿಸ್ತ್ರಿ, ಇಂಜಿನಿಯರ್ ಇದ್ದ ಹಾಗೆ ಪಾರ್ಸಿಗಳಲ್ಲಿ ಹಿಂದಿನ ತಲೆಮಾರಿನ ಕಸುಬೇ ಹೆಸರಾಗಿ ಉಳಿದಿದೆ.) ತಂದೆ ಖುರ್ಷಿದ್ ದಾರೂವಾಲಾ ಸ್ಟರ್ಲಿಂಗ್ ಆ್ಯಂಡ್ ವಿಲ್ಸನ್ ಕಂಪನಿಯನ್ನು ಬೆಳೆಸಿದ ಉದ್ಯಮಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಆಟದಲ್ಲಿ ದುಡ್ಡಿನ ಮಾತು ಬದಿಗಿಟ್ಟು ಪ್ರತಿಭೆಯ ಮಾತು ಮಾತ್ರ ಆಡಿದರೆ ಅದು ಅರ್ಧ ಕಥೆ.

ಚಕ್ರ ಹೊರಗಿದ್ದರೆ ಏನು ವಿಶೇಷ?

ನಮ್ಮ ನಿಮ್ಮ ಕಾರುಗಳಲ್ಲಿ ಚಕ್ರಗಳು ಮಡ್‌ಗಾರ್ಡಿನ ಒಳಗೆ ಅಡಗಿರುತ್ತವೆ. ಫಾರ್ಮುಲಾ ಕಾರುಗಳಲ್ಲಿ ನಾಲ್ಕೂ ಚಕ್ರ ದೇಹದಿಂದ ಹೊರಗೆ, ಗಾಳಿಗೆ ಒಡ್ಡಿಕೊಂಡಿರುತ್ತವೆ. ಚಾಲಕ ಒಬ್ಬನೇ, ನಡುವೆ, ಹೆಚ್ಚುಕಡಿಮೆ ಮಲಗಿದ ಭಂಗಿಯಲ್ಲಿ. ಅದಕ್ಕೇ ಇದನ್ನು ಓಪನ್ ವೀಲ್ ರೇಸಿಂಗ್ ಎನ್ನುತ್ತಾರೆ. ಪಕ್ಕದ ಕಾರಿನ ಚಕ್ರಕ್ಕೆ ನಿಮ್ಮ ಚಕ್ರ ತಾಗಿದರೆ ಕಾರು ಗಾಳಿಗೆ ಹಾರುವ ಸಂಭವ ಇರುತ್ತದೆ. ಸಾಯನ್ ಸರ್ಕಲ್ಲಿನಲ್ಲಿ ಬೆಸ್ಟ್ ಬಸ್ಸಿಗೆ ರಿಕ್ಷಾ ಉಜ್ಜಿದಂತೆ ಉಜ್ಜಿಕೊಂಡು ಹೋಗಲು ಇಲ್ಲಿ ಬರುವುದಿಲ್ಲ.

ಫಾರ್ಮುಲಾ ವನ್ ಎಂಬುದು ಈ ಜಾತಿಯ ಕಾರುಗಳ ತುತ್ತತುದಿ. ಅಲ್ಲಿಗೆ ಹೋಗುವ ಏಣಿ ಹೀಗಿದೆ: ಮೊದಲು ಗೋ-ಕಾರ್ಟ್, ಆಮೇಲೆ ಫಾರ್ಮುಲಾ-4 ಅಥವಾ ಅಂಥ ಸಣ್ಣ ಕಾರು, ಆಮೇಲೆ ಫಾರ್ಮುಲಾ-3, ಆಮೇಲೆ ಫಾರ್ಮುಲಾ-2. ಫಾರ್ಮುಲಾ-2ರ ಕಾರು ತೂಕದಲ್ಲಿ ಹೆಚ್ಚುಕಡಿಮೆ ನಮ್ಮ ಮಾರುತಿ ಆಲ್ಟೊದಷ್ಟೇ. ಆದರೆ ಶಕ್ತಿ 620 ಅಶ್ವಶಕ್ತಿ, ಅಂದರೆ ಹದಿಮೂರು ಆಲ್ಟೊಗಳ ಎಂಜಿನ್ ಒಟ್ಟು ಸೇರಿಸಿದಷ್ಟು. ಅದಕ್ಕೆ ಪವರ್ ಸ್ಟಿಯರಿಂಗ್ ಇಲ್ಲ. ಫಾರ್ಮುಲಾ ವನ್ ಕಾರಿಗಾದರೂ ಉಂಟು, ಇದಕ್ಕಿಲ್ಲ. ಮುಕ್ಕಾಲು ಗಂಟೆ ಕೈಬಲದಿಂದಲೇ ತಿರುಗಿಸಬೇಕು. ಇದು ಕುಳಿತುಕೊಂಡು ಆಡುವ ಆಟ ಎಂದುಕೊಂಡವರು ಆ ಹುಡುಗರ ಕುತ್ತಿಗೆ, ಭುಜ ಒಮ್ಮೆ ನೋಡಬೇಕು.

ಈಗ ದುಡ್ಡಿನ ಮಾತು. ಕರಾವಳಿ ಕಡೆಯ ಕೇಳುಗರಿಗೆ ಕಂಬಳದ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಕಂಬಳದಲ್ಲಿ ಕೋಣದ ಯಜಮಾನ ಬೇರೆ, ಓಡಿಸುವವನು ಬೇರೆ. ಕೋಣ ಸಾಕುವ ಖರ್ಚು, ಹುರುಳಿ, ಎಣ್ಣೆ, ಆಳುಕಾಳು ಎಲ್ಲ ಯಜಮಾನನದು. ಮುಂಬಯಿಯಲ್ಲಿ ಹೊಟೇಲು ನಡೆಸುತ್ತ ಊರಿನಲ್ಲಿ ಕೋಣ ಕಟ್ಟಿದವರು ನಿಮ್ಮ ಪರಿಚಯದಲ್ಲೂ ಒಬ್ಬಿಬ್ಬರು ಇರಬಹುದು. ಚೆನ್ನಾಗಿ ಓಡಿಸುವವನನ್ನು ಯಜಮಾನರೇ ಹುಡುಕಿಕೊಂಡು ಹೋಗುತ್ತಾರೆ, ಸಂಭಾವನೆ ಕೊಡುತ್ತಾರೆ.

ಫಾರ್ಮುಲಾ ರೇಸಿನ ಕೆಳಗಿನ ಮೆಟ್ಟಿಲುಗಳಲ್ಲಿ ಇದು ಪೂರಾ ತಿರುಗುಮುರುಗು. ಇಲ್ಲಿ ಓಡಿಸುವವನೇ ಯಜಮಾನನಿಗೆ ದುಡ್ಡು ಕೊಡಬೇಕು. ಕಾರು ತಂಡದ್ದು, ಮೆಕ್ಯಾನಿಕ್ಕುಗಳು ತಂಡದವರು, ಆದರೆ ಸೀಟಿನಲ್ಲಿ ಕೂರಲು ಚಾಲಕ ತಾನೋ ತನ್ನ ಪ್ರಾಯೋಜಕರೋ ಹಣ ಹಾಕಬೇಕು. ಫಾರ್ಮುಲಾ-2ರ ಒಂದು ಸೀಸನ್ನಿಗೆ ಇಪ್ಪತ್ತರಿಂದ ಮೂವತ್ತು ಲಕ್ಷ ಯೂರೋ ಎಂದು ಆ ವಲಯದಲ್ಲಿ ಮಾತು. ನಮ್ಮ ಲೆಕ್ಕದಲ್ಲಿ ಇಪ್ಪತ್ತರಿಂದ ಮೂವತ್ತು ಕೋಟಿ ರೂಪಾಯಿಯ ಆಸುಪಾಸು, ಒಂದು ವರ್ಷಕ್ಕೆ. ಅಲ್ಲಿಗೆ ತಲುಪುವ ಮೊದಲು ಕಾರ್ಟಿಂಗ್‌ನಿಂದ ಫಾರ್ಮುಲಾ-3ರವರೆಗಿನ ಖರ್ಚು ಬೇರೆ. ಇಷ್ಟೆಲ್ಲ ಹಾಕಿ ಗೆದ್ದರೆ ಸಿಗುವ ಬಹುಮಾನದ ಹಣ ಈ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಸಿಗಬಹುದಾದ ನಿಜವಾದ ಲಾಭ ಒಂದೇ, ಮೇಲಿನ ಮೆಟ್ಟಿಲಲ್ಲಿ ಇರುವವರ ಕಣ್ಣಿಗೆ ಬೀಳುವುದು.

ಟ್ರ್ಯಾಕೇ ಇಲ್ಲದ ಊರು

ಬ್ರೆಜಿಲ್ ದೇಶದ ಸಾವ್ ಪಾವ್ಲೊ ನಗರವನ್ನು ನೆನೆಯಿರಿ. ಅದೂ ನಮ್ಮ ಮುಂಬಯಿಯ ಹಾಗೆ ಕೋಟಿಗಟ್ಟಲೆ ಜನ, ಗುಡಿಸಲು, ಗಗನಚುಂಬಿ, ಟ್ರಾಫಿಕ್ಕು ಎಲ್ಲ ಇರುವ ಊರು. ಆದರೆ ಆ ಊರಿನ ಒಳಗೇ ಇಂಟರ್‌ಲಾಗೋಸ್ ಎಂಬ ರೇಸ್ ಟ್ರ್ಯಾಕ್ 1940ರಿಂದ ಇದೆ, ಪಕ್ಕದಲ್ಲೇ ಕಾರ್ಟಿಂಗ್ ಟ್ರ್ಯಾಕೂ ಇದೆ. ಎಮರ್ಸನ್ ಫಿಟ್ಟಿಪಾಲ್ಡಿ, ನೆಲ್ಸನ್ ಪಿಕೆ, ಐರ್ಟನ್ ಸೆನ್ನಾ, ಈ ಮೂವರು ಬ್ರೆಜಿಲಿಯನ್ನರು 1972ರಿಂದ 1991ರ ಒಳಗೆ ಎಂಟು ಸಲ ಫಾರ್ಮುಲಾ ವನ್ ವಿಶ್ವ ಚಾಂಪಿಯನ್ ಆದರು. ಅವರಲ್ಲಿ ಫಿಟ್ಟಿಪಾಲ್ಡಿ, ಸೆನ್ನಾ ಇಬ್ಬರೂ ಸಾವ್ ಪಾವ್ಲೊದವರೇ.

ಮುಂಬಯಿಯಲ್ಲಿ? ವಾಂಖೆಡೆ ಇದೆ, ಬ್ರೆಬೋರ್ನ್ ಇದೆ, ಮಹಾಲಕ್ಷ್ಮಿಯಲ್ಲಿ ಕುದುರೆಗೆ ಓಡಲು ಜಾಗ ಇದೆ. ಕಾರಿಗೆ ಇಲ್ಲ. ದೇಶದ ದೊಡ್ಡ ಟ್ರ್ಯಾಕುಗಳು ಚೆನ್ನೈ ಹತ್ತಿರ ಒಂದು, ಕೊಯಮತ್ತೂರಿನ ಹತ್ತಿರ ಒಂದು, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ಒಂದು. ಕಾರ್ಟಿಂಗ್‌ಗೆ ನಮ್ಮ ಬೆಳಗಾವಿ ಗಡಿಯಾಚೆಯ ಕೊಲ್ಹಾಪುರದಲ್ಲಿ, ಬೆಂಗಳೂರಿನಲ್ಲಿ ಟ್ರ್ಯಾಕುಗಳಿವೆ. ಮುಂಬಯಿಯವರಿಗೆ ಸಿಕ್ಕಿದ್ದು ದುಡ್ಡು ಕೊಟ್ಟು ಹತ್ತು ನಿಮಿಷ ಸುತ್ತುವ ಮೋಜಿನ ಕಾರ್ಟುಗಳು. ಪೊವಾಯಿಯಲ್ಲಿ ಒಂದು ಕಾಲದಲ್ಲಿದ್ದ ಹಾಕೋನೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇಂಥ ಊರಿನಲ್ಲಿ ಜೆಹಾನ್ ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಕಾರ್ಟಿಂಗ್ ಹಿಡಿದ. ಯೂರೋಪಿನ ಮಕ್ಕಳು ಆರು ಏಳು ವರ್ಷಕ್ಕೇ ಶುರುಮಾಡುತ್ತಾರೆ, ಆ ಲೆಕ್ಕದಲ್ಲಿ ಇದು ತಡ. ಗುರುವಾಗಿ ಸಿಕ್ಕಿದವರು ರಯೋಮಂಡ್ ಬಾನಾಜಿ. ಹಲವು ಸಲ ರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್ ಆಗಿದ್ದ ಮುಂಬಯಿಯ ಈ ಪಾರ್ಸಿ ಮಹಾನುಭಾವರು ರಯೋ ರೇಸಿಂಗ್ ಎಂಬ ತಂಡ ಕಟ್ಟಿ ಹುಡುಗರನ್ನು ತಯಾರು ಮಾಡುತ್ತಿದ್ದರು.

ಬಾಗಿಲು ತೆರೆದದ್ದು 2011ರಲ್ಲಿ. ಆಗ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಫಾರ್ಮುಲಾ ವನ್‌ನಲ್ಲಿ ಓಡುತ್ತಿತ್ತು. ಬಂಟ್ವಾಳ ಮೂಲದ ಮಲ್ಯರ ಬಗ್ಗೆ ಈಗ ಏನೇ ಮಾತಿರಲಿ, ನೂರು ಕೋಟಿ ಜನರಲ್ಲಿ ಒಬ್ಬ ಚಾಲಕನನ್ನು ಹುಡುಕುತ್ತೇವೆ ಎಂದು ಆ ತಂಡ ಊರೂರಲ್ಲಿ ಆಯ್ಕೆ ನಡೆಸಿದ್ದು ನಿಜ. ಕೊನೆಗೆ ಆರಿಸಿದ ಮೂವರಲ್ಲಿ ಮುಂಬಯಿಯ ಜೆಹಾನ್ ಒಬ್ಬ, ಬೆಂಗಳೂರಿನ ಅರ್ಜುನ್ ಮೈನಿ ಇನ್ನೊಬ್ಬ. ಜೆಹಾನ್‌ಗೆ ಆಗ ಹದಿಮೂರು ತುಂಬುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತದ ಮೊದಲ ಗ್ರಾನ್ ಪ್ರೀ ನೋಯ್ಡಾದಲ್ಲಿ ನಡೆಯಿತು. ಇನ್ನು ನಮ್ಮವರದೇ ಕಾಲ ಎಂದು ಎಲ್ಲರೂ ನಂಬಿದ ವರ್ಷ ಅದು. 2013ರ ನಂತರ ಆ ಗ್ರಾನ್ ಪ್ರೀ ಮತ್ತೆ ನಡೆಯಲಿಲ್ಲ.

ಹುಡುಗ ಮಾತ್ರ ನಿಲ್ಲಲಿಲ್ಲ. ಇಂಗ್ಲೆಂಡಿಗೆ ಹೋಗಿ 2013ರಲ್ಲಿ ಅಲ್ಲಿನ ಕಿರಿಯರ ಕಾರ್ಟಿಂಗ್ ವಿಭಾಗದಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಮಳೆ, ಚಳಿ, ಮನೆಯಿಂದ ದೂರ, ಓದು ಅಲ್ಲೊಂದು ಇಲ್ಲೊಂದು ತುಂಡು. 2015ರಲ್ಲಿ ಫಾರ್ಮುಲಾ ರೆನೋ ಎಂಬ ಸಣ್ಣ ಕಾರಿಗೆ ಏರಿದ.

ನಾರಿಸ್ ಪಕ್ಕದ ಗ್ಯಾರೇಜು

ಇಲ್ಲಿಂದ ಮುಂದಿನದನ್ನು ಒಂದು ಹೆಸರಿನ ಜೊತೆ ಇಟ್ಟು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಲ್ಯಾಂಡೋ ನಾರಿಸ್. 2025ರಲ್ಲಿ ಫಾರ್ಮುಲಾ ವನ್ ವಿಶ್ವ ಚಾಂಪಿಯನ್ ಆದ ಇಂಗ್ಲಿಷ್ ಹುಡುಗ, ಜೆಹಾನ್‌ಗಿಂತ ಒಂದು ವರ್ಷಕ್ಕೆ ಚಿಕ್ಕವನು.

ನ್ಯೂಜಿಲೆಂಡಿನಲ್ಲಿ ಪ್ರತಿ ವರ್ಷದ ಆರಂಭದಲ್ಲಿ ಯುವ ಚಾಲಕರ ಸರಣಿ ನಡೆಯುತ್ತದೆ. ಅದರ ಮುಕುಟ ನ್ಯೂಜಿಲೆಂಡ್ ಗ್ರಾನ್ ಪ್ರೀ. 2015ರಲ್ಲಿ ಅದನ್ನು ಗೆದ್ದವನು ಲಾನ್ಸ್ ಸ್ಟ್ರೋಲ್. 2016ರಲ್ಲಿ ನಾರಿಸ್. 2017ರಲ್ಲಿ ಜೆಹಾನ್ ದಾರೂವಾಲಾ. 2019ರಲ್ಲಿ ಲಿಯಾಮ್ ಲಾಸನ್. ಆ ಟ್ರೋಫಿಯ ಮೇಲೆ ನಮ್ಮ ಹುಡುಗನ ಹೆಸರಿನ ಆಚೀಚೆ ಇರುವ ಈ ಮೂವರೂ ಮುಂದೆ ಫಾರ್ಮುಲಾ ವನ್ ಓಡಿಸಿದರು.

ಅದೇ 2017ರಲ್ಲಿ ಯೂರೋಪಿಯನ್ ಫಾರ್ಮುಲಾ-3ರಲ್ಲಿ ನಾರಿಸ್ ಮತ್ತು ಜೆಹಾನ್ ಒಂದೇ ತಂಡ. ತಂಡದ ಹೆಸರು ಕಾರ್ಲಿನ್. ನಾರಿಸ್ ಚಾಂಪಿಯನ್ ಆದ, ಮೊದಲ ವರ್ಷದ ಜೆಹಾನ್ ಆರನೆಯವರಾದರು. ಜರ್ಮನಿಯ ನ್ಯೂರೆಂಬರ್ಗ್ ಊರಿನ ಬೀದಿಗಳಲ್ಲೇ ಇರುವ ನಾರಿಸ್‌ರಿಂಗ್ ಟ್ರ್ಯಾಕಿನಲ್ಲಿ ಗೆದ್ದು, ಆ ಚಾಂಪಿಯನ್‌ಶಿಪ್ಪಿನಲ್ಲಿ ರೇಸ್ ಗೆದ್ದ ಮೊದಲ ಭಾರತೀಯರೂ ಆದರು. (ನಾರಿಸ್‌ರಿಂಗ್‌ಗೂ ಲ್ಯಾಂಡೋ ನಾರಿಸ್‌ಗೂ ಸಂಬಂಧವಿಲ್ಲ. ಹೆಸರು ಕಾಕತಾಳೀಯ.)

2018 ಅಷ್ಟು ಚೆನ್ನಾಗಿರಲಿಲ್ಲ, ಹತ್ತನೇ ಸ್ಥಾನ. ಆದರೆ 2019 ಜೆಹಾನ್ ಅವರ ಅತಿ ಒಳ್ಳೆಯ ವರ್ಷ. ಫಾರ್ಮುಲಾ-3 ಹೊಸ ರೂಪ ತಾಳಿ, ಫಾರ್ಮುಲಾ ವನ್ ನಡೆಯುವ ಅದೇ ಟ್ರ್ಯಾಕಿನಲ್ಲಿ, ಅದೇ ವಾರಾಂತ್ಯದಲ್ಲಿ ನಡೆಯತೊಡಗಿತ್ತು. ಮೂವತ್ತು ಕಾರುಗಳು. ಇಟಲಿಯ ಪ್ರೆಮಾ ತಂಡದಲ್ಲಿ ಓಡಿದ ಜೆಹಾನ್ ಎರಡು ರೇಸ್ ಗೆದ್ದು ವರ್ಷದ ಕೊನೆಗೆ ಮೂರನೇ ಸ್ಥಾನದಲ್ಲಿದ್ದರು. ಮೊದಲ ಎರಡು ಸ್ಥಾನದವರೂ ಪ್ರೆಮಾದವರೇ. ಇದನ್ನು ನೋಡಿದ ರೆಡ್ ಬುಲ್ ಕಂಪನಿ 2020ಕ್ಕೆ ತನ್ನ ಕಿರಿಯರ ತಂಡಕ್ಕೆ ಜೆಹಾನ್‌ರನ್ನು ಸೇರಿಸಿಕೊಂಡಿತು. ವೆಟ್ಟೆಲ್, ವೆರ್‌ಸ್ಟಾಪೆನ್ ಬಂದದ್ದು ಇದೇ ರೆಡ್ ಬುಲ್ ಪಾಳಯದಿಂದ. ಈಗ ಎದುರಿಗೆ ಉಳಿದದ್ದು ಒಂದೇ ಮೆಟ್ಟಿಲು, ಫಾರ್ಮುಲಾ-2.

ನಾಲ್ಕು ವರ್ಷ, ನಾಲ್ಕು ಗೆಲುವು

ಆ ಒಂದು ಮೆಟ್ಟಿಲಿನಲ್ಲಿ ಜೆಹಾನ್ ನಾಲ್ಕು ವರ್ಷ ನಿಂತರು.

2020ರಲ್ಲಿ ಮತ್ತೆ ಕಾರ್ಲಿನ್ ತಂಡ. ಕೊರೊನಾ ಕಾಲ, ನೋಡಲು ಜನವೇ ಇಲ್ಲದ ಟ್ರ್ಯಾಕುಗಳು. ಜೊತೆಗಾರ ಜಪಾನಿನ ಯುಕಿ ಸುನೋಡಾ. ರೇಸಿನಲ್ಲಿ ಚಾಲಕನ ಮೊದಲ ಎದುರಾಳಿ ತನ್ನದೇ ತಂಡದವನು. ಯಾಕೆಂದರೆ ಇಬ್ಬರದೂ ಒಂದೇ ಬಗೆಯ ಕಾರು, ಒಂದೇ ತಂಡ. ಸೋತಾಗ ಕಾರಿನ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಆ ವರ್ಷ ಸುನೋಡಾ ಮೂರನೇ ಸ್ಥಾನ ಪಡೆದು ನೇರ ಫಾರ್ಮುಲಾ ವನ್‌ಗೆ ಹೋದ. ಜೆಹಾನ್ ಹನ್ನೆರಡನೆಯವರು. ಆ ಮೆಟ್ಟಿಲಿನ ಕಥೆ ಅಲ್ಲೇ ಅರ್ಧ ತೀರ್ಮಾನವಾಯಿತು ಎಂದು ನಮಗೆ ಅನಿಸುತ್ತದೆ.

ಆದರೂ ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 6ರಂದು, ಬಹರೇನ್‌ನ ಸಾಖಿರ್‌ನಲ್ಲಿ ಜೆಹಾನ್ ಗೆದ್ದರು. ಈಗಿನ ರೂಪದ ಫಾರ್ಮುಲಾ-2 ಶುರುವಾದದ್ದು 2017ರಲ್ಲಿ, ಅದರಲ್ಲಿ ಗೆದ್ದ ಮೊದಲ ಭಾರತೀಯ ಇವರು. ಇದರ ಹಿಂದಿನ ಅವತಾರವಾದ ಜಿಪಿ-2ರಲ್ಲಿ ಚೆನ್ನೈಯ ಕರುಣ್ ಚಂಧೋಕ್ 2007, 2008ರಲ್ಲಿ ಗೆದ್ದದ್ದನ್ನೂ ನೆನೆಯಬೇಕು. ಅದೇ ಸಾಖಿರ್ ರೇಸಿನಲ್ಲಿ ಮೈಕೆಲ್ ಶೂಮಾಕರ್ ಅವರ ಮಗ ಮಿಕ್ ಹಿಂದೆ ಬಿದ್ದರೂ ವರ್ಷದ ಚಾಂಪಿಯನ್ ಆದ. ಮರುದಿನ ಜಗತ್ತಿನ ಪೇಪರುಗಳ ತುಂಬ ಶೂಮಾಕರ್ ಮಗನೇ. ವಿಜಯವೇದಿಕೆಯಲ್ಲಿ ನುಡಿಸಿದ್ದು ಜನ ಗಣ ಮನ ಎಂಬುದು ಒಳಪುಟದ ಸುದ್ದಿಯಾಯಿತು.

ಗೆಲುವುಗಳಲ್ಲೂ ಒಂದು ತರತಮ ಇದೆ, ಅದನ್ನು ಇಲ್ಲಿ ಹೇಳಬೇಕು. ಫಾರ್ಮುಲಾ-2ರ ಒಂದು ವಾರಾಂತ್ಯದಲ್ಲಿ ಎರಡು ಬಗೆಯ ರೇಸು. ಒಂದು ಸ್ಪ್ರಿಂಟ್, ಅಂದರೆ ಸಣ್ಣದು. ಇದರಲ್ಲಿ ಮುಂದಿನ ಕೆಲವು ಸ್ಥಾನದವರನ್ನು ಬೇಕೆಂದೇ ತಿರುಗಿಸಿ ನಿಲ್ಲಿಸುತ್ತಾರೆ. 2020ರಲ್ಲಿ ಮೊದಲ ಎಂಟು ಮಂದಿ ತಿರುಗುತ್ತಿದ್ದರು, ಎಂಟನೆಯವನು ಮೊದಲಿಗನಾಗಿ ಹೊರಡುತ್ತಿದ್ದ. ನೋಡುವವರಿಗೆ ಮಜಾ ಬರಲಿ ಎಂದು ಮಾಡಿದ ಏರ್ಪಾಡು. ಇನ್ನೊಂದು ಫೀಚರ್ ರೇಸ್, ಇದೇ ದೊಡ್ಡದು. ಇದರಲ್ಲಿ ವೇಗ ತೋರಿಸಿದವನೇ ಮುಂದೆ ನಿಲ್ಲುತ್ತಾನೆ, ನಡುವೆ ಒಮ್ಮೆ ನಿಂತು ಟಯರು ಬದಲಿಸಲೇಬೇಕು, ಅಂಕವೂ ಹೆಚ್ಚು. ಮೇಲಿನ ತಂಡದವರು ನೋಡುವುದು ಇದನ್ನೇ. ಜೆಹಾನ್ ಅವರ ನಾಲ್ಕು ಗೆಲುವುಗಳಲ್ಲಿ ಮೂರು ಸ್ಪ್ರಿಂಟ್‌ನಲ್ಲಿ ಬಂದವು: 2020ರ ಸಾಖಿರ್, 2021ರ ಮೊಂಜಾ, ಅದೇ ವರ್ಷದ ಅಬುಧಾಬಿ. ಫೀಚರ್ ರೇಸ್ ಗೆದ್ದದ್ದು ಒಂದೇ, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಮೊಂಜಾದಲ್ಲಿ. ಮೊಂಜಾ ಅಂದರೆ ಇಟಲಿಯ ಅತಿ ವೇಗದ ಟ್ರ್ಯಾಕ್. ಅಲ್ಲಿ ಬೇರೆ ಬೇರೆ ವರ್ಷ, ಬೇರೆ ಬೇರೆ ತಂಡದ ಕಾರಿನಲ್ಲಿ ಎರಡು ಸಲ ಗೆಲ್ಲುವುದು ಅದೃಷ್ಟದ ಮಾತಲ್ಲ.

ಈ ನಡುವೆ 2021ರ ಜನವರಿ, ಫೆಬ್ರವರಿಯಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಮುಂಬಯಿ, ಬೆಂಗಳೂರು ಎರಡೂ ನಮ್ಮವೇ ಎನ್ನುವ ನಮ್ಮಂಥವರಿಗೆ ಅದು ಇಷ್ಟವಾಗುವಂಥದು. ದುಬೈ, ಅಬುಧಾಬಿಗಳಲ್ಲಿ ನಡೆದ ಏಷ್ಯನ್ ಫಾರ್ಮುಲಾ-3ರಲ್ಲಿ ಮುಂಬಯಿ ಫಾಲ್ಕನ್ಸ್ ಎಂಬ ಭಾರತದ ತಂಡ ಓಡಿತು. ಚಾಲಕರು ಮುಂಬಯಿಯ ಜೆಹಾನ್ ಮತ್ತು ಬೆಂಗಳೂರಿನ ಕುಶ್ ಮೈನಿ. ಕುಶ್ ಬೇರೆ ಯಾರೂ ಅಲ್ಲ, ಫೋರ್ಸ್ ಇಂಡಿಯಾ ಆರಿಸಿದ ಅರ್ಜುನ್ ಮೈನಿಯ ತಮ್ಮ. ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೆಂಗಳೂರಿನಲ್ಲಿ ತಯಾರಿಸಿದ ಚೇತನ್ ಮೈನಿ ಈ ಹುಡುಗರ ಚಿಕ್ಕಪ್ಪ. ಜೆಹಾನ್ ಆ ಸರಣಿಯಲ್ಲಿ ಒಟ್ಟು ಮೂರನೇ ಸ್ಥಾನ ಪಡೆದರು. ಚಾಂಪಿಯನ್ ಆದ ಚೀನಾದ ಝೌ ಗುವಾನ್ಯು ಮರುವರ್ಷ ಫಾರ್ಮುಲಾ ವನ್‌ಗೆ ಹೋದ.

ನಲವತ್ತು ಅಂಕದ ಕಾಗದ

ಈಗ ಡೊಂಬಿವಿಲಿಯವರ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಫಾರ್ಮುಲಾ ವನ್ ಓಡಿಸಲು ಸೂಪರ್ ಲೈಸೆನ್ಸ್ ಎಂಬ ಪರವಾನಗಿ ಬೇಕು. ತಾಡದೇವ್ ಆರ್‌ಟಿಒದಲ್ಲಿ ಸಿಗುವಂಥದಲ್ಲ. ವಯಸ್ಸು, ಅನುಭವ, ಫಾರ್ಮುಲಾ ವನ್ ಕಾರಿನಲ್ಲಿ 300 ಕಿಲೋಮೀಟರ್ ಅಭ್ಯಾಸ, ಇವೆಲ್ಲದರ ಮೇಲೆ ಮೂರು ವರ್ಷದಲ್ಲಿ 40 ಅಂಕ ಕೂಡಿಸಬೇಕು. ಫಾರ್ಮುಲಾ-2ರಲ್ಲಿ ವರ್ಷದ ಕೊನೆಗೆ ಮೊದಲ ಮೂರು ಸ್ಥಾನದಲ್ಲಿ ಇದ್ದವರಿಗೆ ಒಂದೇ ಏಟಿಗೆ 40 ಅಂಕವೂ ಸಿಗುತ್ತದೆ. ನಾಲ್ಕನೆಯವನಿಗೆ 30, ಐದನೆಯವನಿಗೆ 20, ಆರನೆಯವನಿಗೆ 10. ಏಳನೆಯವನಿಗೆ ಬರೀ 8.

ಜೆಹಾನ್ 2021ರಲ್ಲಿ ಏಳನೆಯವರು. 2022ರಲ್ಲೂ ಏಳನೆಯವರು. ಇಪ್ಪತ್ತಕ್ಕೂ ಹೆಚ್ಚು ಚಾಲಕರಲ್ಲಿ ಏಳನೇ ಸ್ಥಾನ ಅಂದರೆ ಶಾಲೆಯಲ್ಲಾದರೆ ತಂದೆತಾಯಿ ಖುಷಿಪಡುವ ರ್‍ಯಾಂಕು. ಇಲ್ಲಿ ಮಾತ್ರ ಮೂರನೆಯವನಿಗೂ ಏಳನೆಯವನಿಗೂ ಐದು ಪಟ್ಟು ಅಂತರ.

ಹಾಗಾದರೆ ಮೂರರೊಳಗೆ ಬಂದಿದ್ದರೆ ಸೀಟು ಸಿಗುತ್ತಿತ್ತೇ? ಇಲ್ಲಿ ಬ್ರೆಜಿಲ್‌ನ ಇನ್ನೊಬ್ಬ ಹುಡುಗನ ಕಥೆ ಕೇಳಿ. ಫೆಲಿಪೆ ಡ್ರುಗೊವಿಚ್, ಪರಾನಾ ಪ್ರಾಂತ್ಯದ ಮರಿಂಗಾ ಊರಿನವನು, 2000ದಲ್ಲಿ ಹುಟ್ಟಿದವನು. 2022ರ ಸೆಪ್ಟೆಂಬರಿನ ಅದೇ ಮೊಂಜಾ ವಾರಾಂತ್ಯ. ಶನಿವಾರದ ರೇಸಿನಲ್ಲಿ ಡ್ರುಗೊವಿಚ್ ಅಪಘಾತವಾಗಿ ಬೇಗ ಹೊರಬಿದ್ದ. ಆದರೂ ಅವನ ಪ್ರತಿಸ್ಪರ್ಧಿಗೆ ಅಂಕ ಬಾರದ್ದರಿಂದ ಅಂದೇ ಫಾರ್ಮುಲಾ-2 ಚಾಂಪಿಯನ್ ಪಟ್ಟ ಅವನದಾಯಿತು. ಮರುದಿನ ಭಾನುವಾರದ ದೊಡ್ಡ ರೇಸ್ ಗೆದ್ದವರು ಜೆಹಾನ್. ಒಂದೇ ವಾರಾಂತ್ಯ, ಒಬ್ಬನಿಗೆ ಪಟ್ಟ, ಒಬ್ಬನಿಗೆ ಗೆಲುವು.

ಮುಂದಿನ ವರ್ಷ ಇಬ್ಬರಿಗೂ ಫಾರ್ಮುಲಾ ವನ್ ಸೀಟು ಇಲ್ಲ. ಚಾಂಪಿಯನ್ ಡ್ರುಗೊವಿಚ್ ಆ್ಯಸ್ಟನ್ ಮಾರ್ಟಿನ್ ತಂಡದ ಮೀಸಲು ಚಾಲಕನಾಗಿ ವರ್ಷಗಟ್ಟಲೆ ಕಾದ. ಸೀಟಿನಲ್ಲಿದ್ದವರು ಇಬ್ಬರು: ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಅಲೊನ್ಸೊ, ಇನ್ನೊಬ್ಬ ತಂಡದ ಮಾಲೀಕರ ಮಗ ಲಾನ್ಸ್ ಸ್ಟ್ರೋಲ್. ಡ್ರುಗೊವಿಚ್ ಕೊನೆಗೆ ಫಾರ್ಮುಲಾ-ಇ ಕಡೆ ಹೊರಳಿದ. ಅಂದ ಹಾಗೆ ಈ ಆ್ಯಸ್ಟನ್ ಮಾರ್ಟಿನ್ ತಂಡ ಬೇರೆ ಯಾವುದೂ ಅಲ್ಲ, 2018ರಲ್ಲಿ ದಿವಾಳಿಯ ಅಂಚಿಗೆ ಬಂದು ಕೈಬದಲಾದ ಮಲ್ಯರ ಅದೇ ಫೋರ್ಸ್ ಇಂಡಿಯಾ. ಹದಿಮೂರರ ಜೆಹಾನ್‌ನನ್ನು ಆರಿಸಿದ್ದ ತಂಡ.

ಹಾಗಾಗಿ ಸೂಪರ್ ಲೈಸೆನ್ಸ್ ಅಂದರೆ ಸರತಿಯಲ್ಲಿ ನಿಲ್ಲಲು ಅನುಮತಿ ಅಷ್ಟೆ. ಸೀಟುಗಳು 2025ರವರೆಗೆ ಇಡೀ ಜಗತ್ತಿಗೆ 20. 2026ಕ್ಕೆ ಕ್ಯಾಡಿಲಾಕ್ ಸೇರಿ 22. ಯಾರಾದರೂ ಎದ್ದರೆ ಮಾತ್ರ ಇನ್ನೊಬ್ಬ ಕೂರಬಹುದು. ಸಂಜೆ 6.10ರ ವಿರಾರ್ ಫಾಸ್ಟ್‌ನಲ್ಲಿ ಬೊರಿವಿಲಿಯವನು ಎದ್ದೇಳುವುದನ್ನು ಕಾಯುತ್ತ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ತಂಡಕ್ಕೆ ಯಾವ ವರ್ಷ ಯಾರು ಬೇಕು, ಯಾವ ಎಂಜಿನ್ ಕಂಪನಿಗೆ ಯಾವ ದೇಶದವನು ಬೇಕು, ಯಾರ ಹಿಂದೆ ಎಷ್ಟು ಪ್ರಾಯೋಜಕರು, ಎಲ್ಲ ಸೇರಿ ತೀರ್ಮಾನ. ಸುನೋಡಾ ವೇಗದವನು ನಿಜ. ಅವನ ಹಿಂದೆ ಹೊಂಡಾ ಕಂಪನಿ ಇತ್ತು ಎಂಬುದೂ ನಿಜ. ನಮ್ಮ ದೇಶದ ಯಾವ ಕಾರ್ ಕಂಪನಿಯೂ ಫಾರ್ಮುಲಾ ವನ್‌ಗೆ ಎಂಜಿನ್ ಕೊಡುವುದಿಲ್ಲ.

ಫಾರ್ಮುಲಾ ವನ್ ಕಾರನ್ನು ಜೆಹಾನ್ ಓಡಿಸಿಯೇ ಇಲ್ಲ ಎಂದುಕೊಳ್ಳಬೇಡಿ. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮೆಕ್ಲಾರೆನ್ ತಂಡ ತನ್ನ ಹಿಂದಿನ ವರ್ಷದ ಕಾರು ಕೊಟ್ಟು ಪರೀಕ್ಷೆ ಮಾಡಿಸಿತು. ನಾರಿಸ್ ಮತ್ತು ರಿಕಾರ್ಡೊ 2021ರಲ್ಲಿ ಓಡಿಸಿದ ಮಾದರಿ. ಐದು ವರ್ಷ ಹಿಂದೆ ಪಕ್ಕದ ಗ್ಯಾರೇಜಿನಲ್ಲಿದ್ದವನ ಕಾರಿನ ಮಾದರಿಯಲ್ಲಿ ಕುಳಿತು ಸುತ್ತು ಹಾಕಿದಾಗ ಏನನ್ನಿಸಿತೋ, ಅದು ಅವರಿಗೇ ಗೊತ್ತು.

ಮನೆಯಂಗಳದ ರೇಸು ರದ್ದಾದದ್ದು

2022ರ ಕೊನೆಗೆ ರೆಡ್ ಬುಲ್ ನಂಟು ಮುಗಿಯಿತು. 2023ರಲ್ಲಿ ನಾಲ್ಕನೇ ಸಲ ಫಾರ್ಮುಲಾ-2, ಈ ಸಲ ಡ್ರುಗೊವಿಚ್ ಚಾಂಪಿಯನ್ ಆಗಿದ್ದ ಅದೇ ಎಂಪಿ ಮೋಟಾರ್‌ಸ್ಪೋರ್ಟ್ ತಂಡದಲ್ಲಿ. ಗೆಲುವು ಬರಲಿಲ್ಲ, ಹನ್ನೊಂದನೇ ಸ್ಥಾನ. ಒಬ್ಬನ ಕೈಯಲ್ಲಿ ಚಾಂಪಿಯನ್ ಆದ ತಂಡ ಇನ್ನೊಬ್ಬನ ಕೈಯಲ್ಲಿ ಹಾಗಿರಲಿಲ್ಲ. ಇದಕ್ಕೆ ನೆಪ ಹುಡುಕಿ ಪ್ರಯೋಜನವಿಲ್ಲ.

ಅದೇ ವರ್ಷ ಜೆಹಾನ್ ಮಹೀಂದ್ರಾ ತಂಡಕ್ಕೆ ಫಾರ್ಮುಲಾ-ಇಯಲ್ಲಿ ಮೀಸಲು ಚಾಲಕರಾಗಿದ್ದರು. ಫಾರ್ಮುಲಾ-ಇ ಎಂದರೆ ಬ್ಯಾಟರಿ ಕಾರುಗಳ ರೇಸು, ಹೆಚ್ಚಾಗಿ ಊರಿನ ಬೀದಿಗಳಲ್ಲಿ. ಅಲ್ಲಿ ಬರೀ ವೇಗ ಸಾಲದು, ಚಾರ್ಜು ಉಳಿಸಬೇಕು. ಶಿರಾಡಿ ಘಾಟಿ ಇಳಿಯುವಾಗ ಆ್ಯಕ್ಸಿಲರೇಟರ್ ಬಿಟ್ಟು ಪೆಟ್ರೋಲು ಉಳಿಸುತ್ತೀರಲ್ಲ, ಅದನ್ನೇ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ, ಹಿಂದೆ ಇಪ್ಪತ್ತು ಕಾರು ಅಟ್ಟಿಸಿಕೊಂಡು ಬರುತ್ತಿರುವಾಗ ಮಾಡಬೇಕು. ಬ್ರೇಕು ಒತ್ತಿದಾಗ ಕಾರು ತಾನೇ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ. ಅದನ್ನು ಎಲ್ಲಿ, ಎಷ್ಟು ಎಂದು ಲೆಕ್ಕ ಹಾಕುವುದೇ ದೊಡ್ಡ ವಿದ್ಯೆ.

2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಈ ರೇಸು ನಡೆಯಿತು. ಭಾರತದಲ್ಲಿ ಫಾರ್ಮುಲಾ-ಇ ಬಂದದ್ದು ಅದೇ ಮೊದಲು. ಮುಂದಿನ ವರ್ಷವೂ ಅಲ್ಲೇ ಎಂದು ಘೋಷಣೆಯಾಗಿತ್ತು. ಆ ಮುಂದಿನ ವರ್ಷಕ್ಕೆ, ಅಂದರೆ 2024ರ ಸೀಸನ್ನಿಗೆ, ಮಾಸೆರಾಟಿ ತಂಡ ಜೆಹಾನ್‌ಗೆ ಪೂರ್ಣಾವಧಿಯ ಸೀಟು ಕೊಟ್ಟಿತು. ಫಾರ್ಮುಲಾ-ಇಯಲ್ಲಿ ಚಂಧೋಕ್ ನಂತರ ಓಡಿದ ಎರಡನೇ ಭಾರತೀಯ. ಸ್ವದೇಶದ ಜನರ ಎದುರು ಇಂಥ ದೊಡ್ಡ ರೇಸು ಓಡಿಸುವ ಅವಕಾಶ ಕೊನೆಗೂ ಬಂತು ಎನ್ನುವಾಗ, ಜನವರಿ ಮೊದಲ ವಾರದಲ್ಲಿ ಸುದ್ದಿ ಬಂತು. ತೆಲಂಗಾಣದಲ್ಲಿ ಸರ್ಕಾರ ಬದಲಾಗಿತ್ತು, ಹಿಂದಿನ ಒಪ್ಪಂದ ಮುಂದುವರಿಯಲಿಲ್ಲ, ಹೈದರಾಬಾದ್ ರೇಸು ರದ್ದು. ಸೀಸನ್ನಿನ ಮೊದಲ ರೇಸಿಗೆ ಆಗ ಉಳಿದದ್ದು ಒಂದು ವಾರ ಮಾತ್ರ.

ಆ ಸೀಸನ್ನು ಜೆಹಾನ್‌ಗೆ ಕಷ್ಟದ್ದಾಯಿತು. ಜೊತೆಗಾರ ಮ್ಯಾಕ್ಸ್ ಗುಂಟರ್ ಟೋಕಿಯೋದಲ್ಲಿ ಗೆದ್ದರೆ, ಜೆಹಾನ್ ಅಂಕಪಟ್ಟಿಯ ಕೆಳಭಾಗದಲ್ಲೇ ಉಳಿದರು. ವರ್ಷ ಮುಗಿದಾಗ ತಂಡ ಇಬ್ಬರು ಚಾಲಕರನ್ನೂ ಬದಲಾಯಿಸಿತು. ಹಾಗೆ ಸೀಟು ಹೋಯಿತು. ಪೇಪರಿನಲ್ಲಿ ಸುದ್ದಿ ನಿಂತದ್ದು ಅದಕ್ಕೇ.

ಭಾರತದಿಂದ ಫಾರ್ಮುಲಾ ವನ್ ಗ್ರಾನ್ ಪ್ರೀ ಓಡಿದವರು ಇದುವರೆಗೆ ಇಬ್ಬರೇ: 2005ರಲ್ಲಿ ಮೊದಲು ಇಳಿದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಇಳಿದ ಕರುಣ್ ಚಂಧೋಕ್. ಕಾರ್ತಿಕೇಯನ್ ಅವರ ಕೊನೆಯ ರೇಸು 2012ರದು. ಆಮೇಲೆ ಬಂದವರಲ್ಲಿ ಆ ಬಾಗಿಲಿನ ಅಷ್ಟು ಹತ್ತಿರ ಹೋದವರು ಜೆಹಾನ್, ಅವರ ಹಿಂದೆಯೇ ಕುಶ್ ಮೈನಿ. ಬೆಂಗಳೂರಿನ ಈ ಹುಡುಗ 2024ರಲ್ಲಿ ಹಂಗೇರಿಯ ಸ್ಪ್ರಿಂಟ್‌ನಲ್ಲಿ ಎರಡನೆಯವನಾಗಿ ಬಂದು, ಗೆದ್ದವನ ಕಾರು ತಪಾಸಣೆಯಲ್ಲಿ ಅನರ್ಹವಾದ್ದರಿಂದ ವಿಜೇತನೆನಿಸಿದ. 2025ರ ಮೇ 24ರಂದು ಮೊನಾಕೊ ಬೀದಿಗಳಲ್ಲಿ ಮಾತ್ರ ಯಾರ ಅನರ್ಹತೆಯೂ ಬೇಕಾಗಲಿಲ್ಲ, ಮೊದಲಿನಿಂದ ಕೊನೆಯವರೆಗೆ ಮುಂದಿದ್ದು ಗೆದ್ದ. ಫಾರ್ಮುಲಾ-2ರಲ್ಲಿ ಮೊನಾಕೊ ಗೆದ್ದ ಮೊದಲ ಭಾರತೀಯ. ಆ ವರ್ಷ ಅವನು ಆಲ್ಪೀನ್ ಎಂಬ ಫಾರ್ಮುಲಾ ವನ್ ತಂಡದ ಮೀಸಲು ಚಾಲಕನೂ ಆಗಿದ್ದ.

ಇನ್ನು ಮುಂದೆ ಪೇಪರಿನಲ್ಲಿ "ಫಾರ್ಮುಲಾ-2ರಲ್ಲಿ ಭಾರತೀಯನ ಗೆಲುವು" ಎಂಬ ಸುದ್ದಿ ಕಂಡರೆ ಮೂರು ವಿಷಯ ನೋಡಿ. ಸ್ಪ್ರಿಂಟೋ ಫೀಚರೋ? ಅದೇ ತಂಡದ ಜೊತೆಗಾರ ಎಷ್ಟನೆಯವನು? ವರ್ಷದ ಒಟ್ಟು ಪಟ್ಟಿಯಲ್ಲಿ ಮೂರರೊಳಗೆ ಇದ್ದಾನೋ ಇಲ್ಲವೋ? ಕರೆ ಮಾಡಿದ ಡೊಂಬಿವಿಲಿಯವರು ಫೋನು ಇಡುವ ಮೊದಲು ಇನ್ನೊಂದು ಮಾತು ಕೇಳಿದ್ದರು, ತಮ್ಮ ಮೊಮ್ಮಗನಿಗೂ ಕಾರ್ಟಿಂಗ್ ಹುಚ್ಚು ಹಿಡಿದಿದೆ, ಏನು ಮಾಡುವುದು ಅಂತ. ಮೋಜಿಗಾದರೆ ಬಾಡಿಗೆ ಕಾರ್ಟು ಸಾಕು. ಸ್ಪರ್ಧೆಗಾದರೆ ಚೆನ್ನೈಯಲ್ಲಿರುವ ಭಾರತೀಯ ಮೋಟಾರ್ ಕ್ರೀಡಾ ಒಕ್ಕೂಟದ ಲೈಸೆನ್ಸ್ ಬೇಕು, ತರಬೇತಿ ಕೊಡುವ ತಂಡವೊಂದು ಬೇಕು, ಕೊಲ್ಹಾಪುರಕ್ಕೋ ಬೆಂಗಳೂರಿಗೋ ತಿಂಗಳಿಗೊಮ್ಮೆಯಾದರೂ ಓಡಾಡಬೇಕು. ಮೊದಲ ವರ್ಷದ ಖರ್ಚಿನ ಪಟ್ಟಿಯನ್ನು ತಂಡದವರಿಂದ ಬರೆಸಿ ತೆಗೆದುಕೊಂಡು, ಟಯರಿನ ಖರ್ಚು ಅದರಲ್ಲಿ ಸೇರಿದೆಯೋ ಇಲ್ಲವೋ ಎಂದು ಕೇಳಿ ನೋಡಿ.